ಕೀಲಿ ಯಾರ ಕೈಲಿ?

2021ರ ಜನವರಿಯಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಒಂದು ಪತ್ರಿಕಾ ಪ್ರಕಟಣೆ ಹೊರಡಿಸಿದರು. ಹ್ಯಾಕಿಂಗ್ ಆರೋಪದ ಮೇಲೆ ಸಿಕ್ಕಿಬಿದ್ದ ನಗರದ ಯುವಕನೊಬ್ಬನಿಂದ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ, ಬೆಲೆ 9 ಕೋಟಿ ರೂಪಾಯಿ ಎಂಬುದು ಅದರ ಸಾರ. ಅದೇ ವರ್ಷದ ನವೆಂಬರ್‌ನಲ್ಲಿ ಪ್ರಕರಣ ರಾಜಕೀಯ ಗದ್ದಲಕ್ಕೆ ತಿರುಗಿದಾಗ ಇಲಾಖೆಯೇ ಬೇರೊಂದು ವಿವರಣೆ ಕೊಡಬೇಕಾಯಿತು. ಆರೋಪಿ ತನ್ನದೆಂದು ತೋರಿಸಿದ್ದ ವಾಲೆಟ್ ಅವನದಾಗಿರಲಿಲ್ಲ. ಅದು ಬಿಟ್‌ಕಾಯಿನ್ ಕೊಳ್ಳುವ, ಮಾರುವ ವ್ಯವಹಾರ ನಡೆಸುವ ಒಂದು ಎಕ್ಸ್‌ಚೇಂಜಿನ ಚಾಲ್ತಿ ವಾಲೆಟ್. ಅದರ ಪ್ರೈವೇಟ್ ಕೀ ಅವನ ಬಳಿ ಇರಲೇ ಇಲ್ಲ.

ಹಾಗಾದರೆ ತನಿಖಾಧಿಕಾರಿಗಳು ಪರದೆಯ ಮೇಲೆ ಕಂಡದ್ದಾದರೂ ಏನು? ಕಂಡದ್ದು ನಿಜವಾದ ಬಿಟ್‌ಕಾಯಿನ್ನೇ. ಯಾವ ವಿಳಾಸದಲ್ಲಿ ಎಷ್ಟು ನಾಣ್ಯವಿದೆ ಎಂಬುದನ್ನು ಈ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ನೋಡಬಹುದು. 2009ರ ಜನವರಿ 3ರಂದು ಮೊದಲ ಬ್ಲಾಕ್ ಹುಟ್ಟಿದಂದಿನಿಂದ ನಡೆದ ಪ್ರತಿಯೊಂದು ವರ್ಗಾವಣೆಯೂ ಬ್ಲಾಕ್‌ಚೈನ್ ಎಂಬ ದಾಖಲೆಯಲ್ಲಿ ಬಹಿರಂಗವಾಗಿಯೇ ಇದೆ. ನಮ್ಮ ಪಹಣಿಯೂ ಹೀಗೆಯೇ ಅಲ್ಲವೇ? ಭೂಮಿ ತಂತ್ರಾಂಶದಲ್ಲಿ ಊರು, ಸರ್ವೆ ನಂಬರ್ ಕೊಟ್ಟರೆ ಯಾರ ಹೊಲದ ಪಹಣಿಯಾದರೂ ಕಣ್ಣೆದುರು ಬರುತ್ತದೆ. ಆದರೆ ನೋಡಿದವನು ಅದನ್ನು ಮಾರಲಾರ, ಮಾರಲು ಒಡೆಯನ ಸಹಿಯೇ ಬೇಕು. ಬಿಟ್‌ಕಾಯಿನ್‌ನಲ್ಲಿ ಆ ಸಹಿ ಹಾಕುವ ಅಧಿಕಾರ ಇರುವುದು ಪ್ರೈವೇಟ್ ಕೀ ಎಂಬ ಒಂದು ಭಾರೀ ದೊಡ್ಡ ಗುಪ್ತ ಸಂಖ್ಯೆಗೆ. ಆ ಸಂಖ್ಯೆಯನ್ನು ಕಾಯುವ, ಬೇಕಾದಾಗ ಅದರಿಂದ ಸಹಿ ಹಾಕಿಸುವ ಸಲಕರಣೆಯೇ ವಾಲೆಟ್. ಹೆಸರು ಪರ್ಸಿನದಾದರೂ ಅದರೊಳಗೆ ನಾಣ್ಯವೇನೂ ಇರುವುದಿಲ್ಲ.

ಫೋನ್‌ಪೇ, ಗೂಗಲ್ ಪೇ ಬಳಸಿ ಪಳಗಿದವರು ಎಡವುವುದು ಇಲ್ಲಿಯೇ. ಯುಪಿಐ ಪಿನ್ ಮರೆತರೆ ಡೆಬಿಟ್ ಕಾರ್ಡಿನ ನಂಬರ್ ಕೊಟ್ಟು, ಒಟಿಪಿ ಒತ್ತಿ ಹೊಸದು ಮಾಡಿಕೊಳ್ಳಬಹುದು. ಅದೂ ಆಗದಿದ್ದರೆ ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಎದುರು ಕೂರಬಹುದು. ಸ್ವಂತ ಕ್ರಿಪ್ಟೊ ವಾಲೆಟ್‌ಗೆ ಶಾಖೆಯೂ ಇಲ್ಲ, ಮ್ಯಾನೇಜರ್ರೂ ಇಲ್ಲ, ಒಟಿಪಿಯೂ ಇಲ್ಲ. ಆದ್ದರಿಂದ 'ಯಾವ ವಾಲೆಟ್ ಒಳ್ಳೆಯದು?' ಎಂದು ಕೇಳುವ ಹೊಸಬರು ಮೊದಲು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಬೇರೆ: ಕೀಲಿ ಯಾರ ಬಳಿ ಇರಬೇಕು?

ನಮ್ಮಲ್ಲಿ ಹೆಚ್ಚಿನವರು ಆ ಪ್ರಶ್ನೆಯನ್ನೇ ಕೇಳಿಕೊಳ್ಳದೆ ಕೀಲಿಯನ್ನು ಎಕ್ಸ್‌ಚೇಂಜಿಗೆ ಬಿಟ್ಟಿರುತ್ತಾರೆ. ಆ್ಯಪ್ ಇಳಿಸಿಕೊಂಡು, ಪ್ಯಾನ್, ಆಧಾರ್ ಕೊಟ್ಟು, ನಾಲ್ಕು ಸಾವಿರ ರೂಪಾಯಿಗೆ ಬಿಟ್‌ಕಾಯಿನ್ ಕೊಂಡರೆ ಆ ಆ್ಯಪಿನಲ್ಲಿ ಕಾಣುವ ಅಂಕಿ ಕಂಪನಿಯ ಲೆಕ್ಕದಲ್ಲಿ ನಿಮ್ಮ ಹೆಸರಿನ ಮುಂದೆ ಬರೆದಿಟ್ಟ ಬಾಕಿ, ಅಷ್ಟೇ. ಕೀಲಿ ಕಂಪನಿಯದು. ಈ ವ್ಯಾಪಾರದಲ್ಲಿ ಕರ್ನಾಟಕಕ್ಕೆ ಹಳೆಯ ನಂಟಿದೆ. ದೇಶದ ಮೊದಮೊದಲ ಎಕ್ಸ್‌ಚೇಂಜ್‌ಗಳಲ್ಲಿ ಒಂದಾದ ಯುನೊಕಾಯಿನ್ ಶುರುವಾದದ್ದು 2013ರಲ್ಲಿ, ತುಮಕೂರಿನಲ್ಲಿ. ಅದೇ ಕಂಪನಿ 2018ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಮಾಲ್ ಒಂದರಲ್ಲಿ ಬಿಟ್‌ಕಾಯಿನ್ ಎಟಿಎಂ ಇಟ್ಟಾಗ ಪೊಲೀಸರು ಯಂತ್ರವನ್ನು ಹೊತ್ತೊಯ್ದರು, ಸಂಸ್ಥಾಪಕರನ್ನು ಬಂಧಿಸಿದರು. ಆಗ ಬ್ಯಾಂಕುಗಳು ಈ ಕಂಪನಿಗಳಿಗೆ ಸೇವೆ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ ಸುತ್ತೋಲೆ ಜಾರಿಯಲ್ಲಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿದ್ದು 2020ರ ಮಾರ್ಚ್ 4ರಂದು.

ಕೀಲಿಯನ್ನು ಇನ್ನೊಬ್ಬರಿಗೆ ಒಪ್ಪಿಸಿದರೆ ಏನಾಗಬಹುದು ಎಂಬುದಕ್ಕೆ ಜೈಪುರದಲ್ಲಿ ಕೊನೆಗೊಂಡ ಒಂದು ಕತೆಯಿದೆ. ಕೆನಡಾದ ಕ್ವಾಡ್ರಿಗಾ ಎಂಬ ಎಕ್ಸ್‌ಚೇಂಜಿನ ಮುಖ್ಯಸ್ಥ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ಭಾರತ ಪ್ರವಾಸದಲ್ಲಿದ್ದಾಗ ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 30. ಕೀಲಿಗಳೆಲ್ಲ ಅವನೊಬ್ಬನ ಬಳಿಯೇ ಇದ್ದವು, ಅವನೊಂದಿಗೇ ಹೋದವು ಎಂದು ಕಂಪನಿ ಕೈಚೆಲ್ಲಿತು. ಸುಮಾರು 76 ಸಾವಿರ ಗ್ರಾಹಕರ ದುಡ್ಡು ಸಿಕ್ಕಿಕೊಂಡಿತ್ತು. ಲೆಕ್ಕಪರಿಶೋಧಕರು ಬ್ಲಾಕ್‌ಚೈನ್ ಜಾಲಾಡಿದಾಗ ಹೊರಬಿದ್ದದ್ದು ಮತ್ತೂ ಕೆಟ್ಟ ಸತ್ಯ: ಆ ವಾಲೆಟ್‌ಗಳು ಅವನು ಸಾಯುವ ಎಷ್ಟೋ ತಿಂಗಳ ಮೊದಲೇ ಬರಿದಾಗಿದ್ದವು. ನಡೆದದ್ದು ವಂಚನೆ ಎಂದು ಒಂಟಾರಿಯೊದ ಷೇರು ನಿಯಂತ್ರಣ ಆಯೋಗ 2020ರಲ್ಲಿ ತೀರ್ಮಾನಿಸಿತು.

ನಮ್ಮಲ್ಲಿ 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನ ಒಂದು ವಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಹಲವರು ಸಹಿ ಹಾಕಿದರೆ ಮಾತ್ರ ತೆರೆಯುವ ವಾಲೆಟ್ ಅದು. ಸಹಿ ಹಾಕಿದವರಿಗೆ ಪರದೆಯ ಮೇಲೆ ಕಂಡದ್ದೇ ಒಂದು, ಅವರು ಒಪ್ಪಿಗೆ ಕೊಟ್ಟದ್ದೇ ಇನ್ನೊಂದು ಎಂದು ಕಂಪನಿ ಹೇಳಿತು. ಕಳ್ಳರು ಉತ್ತರ ಕೊರಿಯಾದವರೆಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾಗಳು ಜಂಟಿಯಾಗಿ ಆರೋಪಿಸಿದವು. ಗ್ರಾಹಕರು ತಮ್ಮ ಕ್ರಿಪ್ಟೊಗಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಂಗಪುರದ ನ್ಯಾಯಾಲಯದ ಕಡೆ ಮುಖಮಾಡಿ ಕೂರಬೇಕಾಯಿತು. ಮರುವರ್ಷ, ಅದೇ ಜುಲೈನಲ್ಲಿ, ಕಾಯಿನ್‌ಡಿಸಿಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜಿನಿಂದ 4.4 ಕೋಟಿ ಡಾಲರ್ ಹೋಯಿತು. ಗ್ರಾಹಕರ ಹಣಕ್ಕೆ ಧಕ್ಕೆಯಿಲ್ಲ, ನಷ್ಟ ತನ್ನದೇ ಎಂದಿತು ಆ ಕಂಪನಿ. ಬೆಂಗಳೂರು ಪೊಲೀಸರು ಉದ್ಯೋಗಿಯೊಬ್ಬರನ್ನು ಬಂಧಿಸಿದರು. ಅರೆಕಾಲಿಕ ಕೆಲಸದ ಆಮಿಷದ ಹಾದಿಯಲ್ಲಿ ಆಫೀಸಿನ ಲ್ಯಾಪ್‌ಟಾಪಿಗೆ ಕಳ್ಳ ತಂತ್ರಾಂಶ ಹೊಕ್ಕಿತ್ತೆಂಬ ಮಾತು ತನಿಖೆಯಲ್ಲಿ ಕೇಳಿಬಂತು.

ಇಷ್ಟಾದರೂ ಎಲ್ಲರೂ ಇವತ್ತೇ ಎಕ್ಸ್‌ಚೇಂಜಿನಿಂದ ನಾಣ್ಯ ಕಿತ್ತುಕೊಂಡು ಬರಬೇಕೆಂದು ಹೇಳುವುದು ಅವಸರದ ಮಾತು. ಕ್ರಿಪ್ಟೊ ಪಂಡಿತರು ಇದನ್ನು ಒಪ್ಪಲಿಕ್ಕಿಲ್ಲ, ಆದರೆ ಐದು ಸಾವಿರ ರೂಪಾಯಿಯ ಬಿಟ್‌ಕಾಯಿನ್ ಕೊಂಡು ಕುತೂಹಲಕ್ಕೆ ಇಟ್ಟುಕೊಂಡವರಿಗೆ ಹ್ಯಾಕರ್‌ಗಿಂತ ದೊಡ್ಡ ಅಪಾಯ ಅವರ ಸ್ವಂತ ಮರೆವು. ಅಂಥವರು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡ ಎಕ್ಸ್‌ಚೇಂಜಿನಲ್ಲಿ ಬಿಟ್ಟರೂ ಅಡ್ಡಿಯಿಲ್ಲ. ಈ ಕಂಪನಿಗಳು 2023ರ ಮಾರ್ಚ್‌ನಿಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಹೋದರೆ ಹೊಟ್ಟೆ ಉರಿಯುವಷ್ಟು ಮೊತ್ತವಾದಾಗ ಮಾತ್ರ ಸ್ವಂತ ಕೀಲಿಯ ಯೋಚನೆ ಮಾಡಬೇಕು. ಆ ಮೊತ್ತ ಯಾವುದೆಂಬುದು ಅವರವರ ಜೇಬಿಗೆ ಬಿಟ್ಟದ್ದು. ಒಂದು ಎಚ್ಚರಿಕೆ: ಕೆಲವು ಆ್ಯಪ್‌ಗಳು ಕೊಂಡ ನಾಣ್ಯವನ್ನು ಹೊರಗಿನ ವಾಲೆಟ್‌ಗೆ ಕಳಿಸಲು ಬಿಡುವುದೇ ಇಲ್ಲ, ಇನ್ನು ಕೆಲವು ಶುಲ್ಕದ ಹೆಸರಲ್ಲಿ ದೊಡ್ಡ ತುಂಡನ್ನೇ ಕತ್ತರಿಸಿಕೊಳ್ಳುತ್ತವೆ. ಇದನ್ನು ಖಾತೆ ತೆರೆಯುವ ಮೊದಲೇ ವಿಚಾರಿಸಿಕೊಳ್ಳಬೇಕು.

ಸ್ವಂತ ವಾಲೆಟ್‌ಗಳಲ್ಲಿ ಎರಡು ಜಾತಿ. ಫೋನ್, ಕಂಪ್ಯೂಟರ್ ಅಥವಾ ಬ್ರೌಸರಿನಲ್ಲಿ ಕೂರುವ ತಂತ್ರಾಂಶ ಒಂದು. ಪೆನ್‌ಡ್ರೈವ್ ಗಾತ್ರದ ಪ್ರತ್ಯೇಕ ಯಂತ್ರ ಇನ್ನೊಂದು. ಬಿಟ್‌ಕಾಯಿನ್ ಒಂದೇ ಸಾಕೆನ್ನುವವರಿಗೆ ಫೋನಿನಲ್ಲಿ ಬ್ಲೂವಾಲೆಟ್, ಕಂಪ್ಯೂಟರಿನಲ್ಲಿ 2011ರಿಂದಲೂ ಇರುವ ಎಲೆಕ್ಟ್ರಮ್ ಅಥವಾ ಸ್ಪ್ಯಾರೊ ಇವೆ. ಇಥೀರಿಯಂ ಎಂಬ ಇನ್ನೊಂದು ಕ್ರಿಪ್ಟೊ ಮತ್ತು ಅದರ ಮೇಲೆ ಓಡುವ ಟೋಕನ್‌ಗಳಿಗೆ 2016ರಲ್ಲಿ ಬಂದ ಮೆಟಾಮಾಸ್ಕ್ ಬಹಳ ಬಳಕೆಯಲ್ಲಿದೆ. ಯಾವುದು ಬೇಕೆಂಬುದನ್ನು ನಿರ್ಧರಿಸುವುದು ನೀವು ಇಟ್ಟುಕೊಳ್ಳುವ ನಾಣ್ಯ. ಮೆಟಾಮಾಸ್ಕ್ ಚೆನ್ನಾಗಿದೆಯೆಂದು ಕೇಳಿ ಅದನ್ನು ಹಾಕಿಕೊಂಡು ಆಮೇಲೆ ಏನು ಕೊಳ್ಳಲಿ ಎಂದು ಯೋಚಿಸುವುದು ತಲೆಕೆಳಗಾದ ಕ್ರಮ.

ಯಂತ್ರದ ವಾಲೆಟ್‌ನಲ್ಲಿ ಪ್ರೇಗ್‌ನ ಟ್ರೆಝರ್, ಪ್ಯಾರಿಸ್‌ನ ಲೆಡ್ಜರ್ ಹೆಸರಾಂತವು. ಕೀಲಿ ಯಂತ್ರದೊಳಗೇ ಹುಟ್ಟಿ ಅಲ್ಲಿಯೇ ಉಳಿಯುತ್ತದೆ, ಸಹಿಯೊಂದೇ ಹೊರಬರುತ್ತದೆ. ಆದ್ದರಿಂದ ಕಂಪ್ಯೂಟರಿಗೆ ವೈರಸ್ ಹೊಕ್ಕರೂ ಕೀಲಿ ಕದಿಯುವುದು ಕಷ್ಟ. ಆದರೆ ಯಂತ್ರವನ್ನು ಎಲ್ಲಿಂದ ಕೊಂಡಿರಿ ಎಂಬುದೇ ನಿರ್ಣಾಯಕ. 2023ರ ಮೇ ತಿಂಗಳಲ್ಲಿ ಭದ್ರತಾ ಸಂಸ್ಥೆ ಕ್ಯಾಸ್ಪರ್ಸ್ಕಿ ಒಂದು ನಕಲಿ ಟ್ರೆಝರ್ ಬಿಚ್ಚಿ ತೋರಿಸಿತು. ಹೊರಗಿನಿಂದ ನೋಡಿದರೆ ಅಚ್ಚು ಅಸಲಿ. ಒಳಗಿನ ಚಿಪ್ ಬದಲಾಗಿತ್ತು, ಮತ್ತು ಯಂತ್ರ ಹೊಸ ಕೀಲಿ ಹುಟ್ಟಿಸುವ ನಟನೆ ಮಾಡುತ್ತ ಕಳ್ಳರು ಮೊದಲೇ ತಯಾರಿಸಿಟ್ಟಿದ್ದ 20 ಕೀಲಿಗಳಲ್ಲಿ ಒಂದನ್ನು ಕೈಗಿಡುತ್ತಿತ್ತು. ಕೊಂಡವರ 1.33 ಬಿಟ್‌ಕಾಯಿನ್ ಒಂದು ದಿನ ತಾನಾಗಿ ಎದ್ದು ಹೋಯಿತು. ಆಗ ಯಂತ್ರವನ್ನು ಯಾವ ಕಂಪ್ಯೂಟರಿಗೂ ಜೋಡಿಸಿರಲಿಲ್ಲ. ಹೀಗಾಗಿ ಸೆಕೆಂಡ್‌ಹ್ಯಾಂಡ್ ಬೇಡ, ಆನ್‌ಲೈನ್ ಅಂಗಡಿಯ ಗೊತ್ತಿಲ್ಲದ ಮಾರಾಟಗಾರ ಬೇಡ, ಡಬ್ಬಿಯಲ್ಲಿ ಪದಗಳನ್ನು ಮೊದಲೇ ಬರೆದಿಟ್ಟ ಚೀಟಿ ಬಂದರಂತೂ ಬೇಡವೇ ಬೇಡ.

ಆ ಪದಗಳ ವಿಷಯಕ್ಕೆ ಈಗ ಬರೋಣ, ಏಕೆಂದರೆ ಇಡೀ ಕೆಲಸದ ಜೀವ ಅಲ್ಲಿದೆ. ಹೊಸ ವಾಲೆಟ್ ತೆರೆದಾಗ ಅದು 12 ಅಥವಾ 24 ಇಂಗ್ಲಿಷ್ ಪದಗಳನ್ನು ತೋರಿಸಿ ಬರೆದುಕೊಳ್ಳಿ ಎನ್ನುತ್ತದೆ. ಇದಕ್ಕೆ ಸೀಡ್ ಫ್ರೇಸ್ ಎನ್ನುತ್ತಾರೆ. 2013ರಲ್ಲಿ ರೂಪುಗೊಂಡ ಒಂದು ಮಾನದಂಡದ ಪ್ರಕಾರ 2,048 ಪದಗಳ ಪಟ್ಟಿಯಿಂದ ಇವನ್ನು ಆಯಲಾಗುತ್ತದೆ. ಹನ್ನೆರಡು ಪದಗಳ ಹಿಂದಿರುವುದು 39 ಅಂಕಿಗಳಷ್ಟು ಉದ್ದ ಬೆಳೆಯಬಲ್ಲ ಒಂದು ಸಂಖ್ಯೆ. ಅದನ್ನು ತಪ್ಪಿಲ್ಲದೆ ನಕಲು ಮಾಡಲು ಮನುಷ್ಯರಿಂದ ಆಗದೆಂದು ಪದಗಳ ವೇಷ ತೊಡಿಸಿದ್ದಾರೆ. ಫೋನ್ ಕಳೆದರೂ ಒಡೆದರೂ ಇನ್ನೊಂದು ಫೋನಿನಲ್ಲಿ ಅವೇ ಪದಗಳನ್ನು ಅದೇ ಕ್ರಮದಲ್ಲಿ ಕೊಟ್ಟರೆ ಎಲ್ಲವೂ ವಾಪಸ್. ಬೇರೆಯವರು ಕೊಟ್ಟರೂ ವಾಪಸ್, ಅವರಿಗೆ!

ಪಟ್ಟಿ ಜಪಾನಿ, ಕೊರಿಯನ್, ಫ್ರೆಂಚ್, ಜೆಕ್ ಭಾಷೆಗಳಲ್ಲಿಯೂ ಇದೆ, ಭಾರತದ ಯಾವ ಭಾಷೆಯಲ್ಲಿಯೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಈ ಪದಗಳನ್ನು ಉಚ್ಚಾರಣೆ ಹಿಡಿದು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡರೆ ಮುಂದೆ ಕಷ್ಟ: ಉಡುವುದು ಎಂಬರ್ಥದ 'ವೇರ್', ಎಲ್ಲಿ ಎಂಬರ್ಥದ 'ವೇರ್' ಎರಡೂ ಆ ಪಟ್ಟಿಯಲ್ಲಿವೆ. ಇಂಗ್ಲಿಷ್ ಅಕ್ಷರಗಳನ್ನೇ ಬಿಡಿಬಿಡಿಯಾಗಿ, ದೊಡ್ಡದಾಗಿ, ಕ್ರಮಸಂಖ್ಯೆ ಸಮೇತ ಬರೆಯಬೇಕು. ಒಂದು ಸಮಾಧಾನವೆಂದರೆ ಪ್ರತಿ ಪದದ ಮೊದಲ ನಾಲ್ಕು ಅಕ್ಷರಗಳು ಪಟ್ಟಿಯಲ್ಲಿ ಬೇರೆ ಯಾವ ಪದಕ್ಕೂ ಇಲ್ಲ. ಅಷ್ಟು ಸ್ಪಷ್ಟವಾಗಿದ್ದರೆ ಪದ ಪತ್ತೆಯಾಗುತ್ತದೆ.

ಸ್ಕ್ರೀನ್‌ಶಾಟ್ ತೆಗೆದಿಡುವ ಚಪಲ ಎಲ್ಲರಿಗೂ ಬರುತ್ತದೆ. 2025ರ ಫೆಬ್ರುವರಿಯಲ್ಲಿ ಪತ್ತೆಯಾದ ಸ್ಪಾರ್ಕ್‌ಕ್ಯಾಟ್ ಎಂಬ ಕಳ್ಳ ತಂತ್ರಾಂಶ ಮಾಡುತ್ತಿದ್ದದ್ದೇ ಫೋನಿನ ಗ್ಯಾಲರಿಯ ಚಿತ್ರಗಳಲ್ಲಿರುವ ಅಕ್ಷರ ಓದಿ ಇಂಥ ಪದಗಳನ್ನು ಹೆಕ್ಕುವ ಕೆಲಸ. ಅದು ಅಡಗಿದ್ದ ಆ್ಯಪ್‌ಗಳು ಗೂಗಲ್ ಪ್ಲೇಯಲ್ಲಷ್ಟೇ ಅಲ್ಲ, ಆ್ಯಪಲ್‌ನ ಅಂಗಡಿಯಲ್ಲಿಯೂ ಇದ್ದವು. ಇಮೇಲ್ ಡ್ರಾಫ್ಟ್, ವಾಟ್ಸ್ಆ್ಯಪ್‌ನಲ್ಲಿ ತನಗೆ ತಾನೇ ಕಳಿಸಿಕೊಂಡ ಸಂದೇಶ, ಕ್ಲೌಡ್‌ಗೆ ತಾನಾಗಿ ಏರುವ ಫೋಟೊ ಎಲ್ಲವೂ ಅದೇ ಸಾಲಿನವು. ಕಾಗದ ಮತ್ತು ಪೆನ್ನೇ ಸರಿ. ಕಾಗದಕ್ಕೂ ಅದರದೇ ಶತ್ರುಗಳಿವೆ: ಮಲೆನಾಡು, ಕರಾವಳಿಯ ಮಳೆಗಾಲದ ಥಂಡಿ, ಗೆದ್ದಲು, ಮನೆ ಸುಣ್ಣಬಣ್ಣದ ವೇಳೆ ಹಳೆ ಪೇಪರ್ ಅಂಗಡಿಗೆ ಹೋಗುವ ಕಟ್ಟು. ಎರಡು ಪ್ರತಿ, ಎರಡು ಬೇರೆ ಮನೆ ಅಥವಾ ಒಂದು ಬ್ಯಾಂಕ್ ಲಾಕರ್. ಮೊತ್ತ ದೊಡ್ಡದಾದರೆ ಪದಗಳನ್ನು ಕೆತ್ತಿದ ಸ್ಟೀಲ್ ಪಟ್ಟಿ.

ಬರೆದಾದ ಮೇಲೆ ಹೆಚ್ಚಿನವರು ನೇರ ನಾಣ್ಯ ತರಿಸಿಕೊಳ್ಳುತ್ತಾರೆ. ನಡುವೆ ಒಂದು ಕೆಲಸ ಬಿಟ್ಟುಹೋಗುತ್ತದೆ, ಅದೇ ಅತಿ ಮುಖ್ಯವಾದದ್ದು. ವಾಲೆಟ್ ಇನ್ನೂ ಖಾಲಿ ಇರುವಾಗಲೇ ಅದರ ಒಂದು ವಿಳಾಸವನ್ನು ಬರೆದುಕೊಂಡು, ಆ್ಯಪನ್ನು ಪೂರ್ತಿ ಅಳಿಸಿ ಹಾಕಬೇಕು. ಮತ್ತೆ ಇಳಿಸಿಕೊಂಡು, ಕಾಗದ ನೋಡಿಯೇ ಪದಗಳನ್ನು ಕೊಟ್ಟು ತೆರೆಯಬೇಕು. ಅದೇ ವಿಳಾಸ ಬಂದರೆ ಬರೆದದ್ದು ಸರಿಯಿದೆ. ಬಾರದಿದ್ದರೆ ಎಲ್ಲೋ ತಪ್ಪಿದೆ, ಆದರೆ ಹೋದದ್ದು ಹತ್ತು ನಿಮಿಷ ಮಾತ್ರ. ಈ ಪರೀಕ್ಷೆ ಮಾಡದ ವಾಲೆಟ್‌ಗೆ ದುಡ್ಡು ಹಾಕುವುದೆಂದರೆ ಕಾಗದದ ಮೇಲಿರುವ ಪದಗಳು ಸರಿಯೋ ತಪ್ಪೋ ಎಂಬುದನ್ನು ಫೋನ್ ಕೆಟ್ಟ ದಿನ ತಿಳಿದುಕೊಳ್ಳುವುದು.

ಹಾಗೆ ತಡವಾಗಿ ತಿಳಿದವರ ಪಟ್ಟಿ ಸಣ್ಣದಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಪ್ರೋಗ್ರಾಮರ್ ಸ್ಟೀಫನ್ ಥಾಮಸ್ ಬಿಟ್‌ಕಾಯಿನ್ ಕುರಿತ ವಿಡಿಯೊ ಮಾಡಿಕೊಟ್ಟದ್ದಕ್ಕೆ 2011ರಲ್ಲಿ 7,002 ಬಿಟ್‌ಕಾಯಿನ್ ಪಡೆದವನು. ಕೀಲಿ ಇದ್ದ ಪುಟ್ಟ ಡ್ರೈವಿನ ಪಾಸ್‌ವರ್ಡ್ ಬರೆದ ಚೀಟಿ ಕಳೆಯಿತು. ಆ ಡ್ರೈವ್ ಹತ್ತು ಸಲ ತಪ್ಪಿದರೆ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. 2021ರಲ್ಲಿ ಈ ಸುದ್ದಿ ಬಂದಾಗ ಎಂಟು ಸಲ ಮುಗಿದಿತ್ತು. ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಜೇಮ್ಸ್ ಹೋವೆಲ್ಸ್ ಎಂಬಾತನ ಹಾರ್ಡ್‌ಡಿಸ್ಕ್ 2013ರಲ್ಲಿ ಕಸದ ತಿಪ್ಪೆ ಸೇರಿತು. ಅದರಲ್ಲಿ ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಯಿತ್ತು. ತಿಪ್ಪೆ ಅಗೆಯಲು ಬಿಡಿ ಎಂದು ನಗರಸಭೆಯ ಮೇಲೆ ಹೂಡಿದ್ದ ದಾವೆಯನ್ನು ಹೈಕೋರ್ಟ್ 2025ರ ಜನವರಿಯಲ್ಲಿ ತಳ್ಳಿಹಾಕಿತು.

ಪರೀಕ್ಷೆ ಗೆದ್ದ ವಾಲೆಟ್‌ಗೆ ಮೊದಲು ಸಣ್ಣ ಮೊತ್ತವೊಂದನ್ನು ತರಿಸಿ ನೋಡಬೇಕು. ಇಲ್ಲಿ ಹೊಸಬರನ್ನು ಕಾಡುವುದು ನೆಟ್‌ವರ್ಕ್‌ನ ಗೊಂದಲ. ಯುಎಸ್‌ಡಿಟಿ ಎಂಬ ಒಂದೇ ಹೆಸರಿನ ಟೋಕನ್ ಇಥೀರಿಯಂನಲ್ಲಿಯೂ ಓಡುತ್ತದೆ, ಟ್ರಾನ್‌ನಲ್ಲಿಯೂ ಓಡುತ್ತದೆ. ಕಳಿಸುವ ಕಡೆ ಒಂದು, ಪಡೆಯುವ ಕಡೆ ಇನ್ನೊಂದು ಆಯ್ಕೆಯಾದರೆ ದುಡ್ಡು ಸಿಗದೆ ಹೋಗಬಹುದು. ಬಂದು ತಲುಪಿದ ಟೋಕನ್ನನ್ನು ಮುಂದೆ ಕಳಿಸಲು ಆಯಾ ನೆಟ್‌ವರ್ಕಿನ ಸ್ವಂತ ನಾಣ್ಯವೂ ಸ್ವಲ್ಪ ಬೇಕು, ಶುಲ್ಕ ಕಟ್ಟಲಿಕ್ಕೆ. ಇದನ್ನು ಗ್ಯಾಸ್ ಎನ್ನುತ್ತಾರೆ. ಸಾವಿರ ಡಾಲರ್ ಟೋಕನ್ ಇಟ್ಟುಕೊಂಡು ಚಿಲ್ಲರೆ ಗ್ಯಾಸ್ ಇಲ್ಲದೆ ಪರದಾಡುವುದು ಹೊಸಬರಲ್ಲಿ ಮಾಮೂಲು.

ಸಣ್ಣ ಮೊತ್ತ ಕಳಿಸಿ ನೋಡಿದವರೂ ಮೋಸ ಹೋದದ್ದಿದೆ. 2024ರ ಮೇ ತಿಂಗಳಲ್ಲಿ ಒಬ್ಬ ದೊಡ್ಡ ಕುಳ ಮೊದಲು ಪರೀಕ್ಷೆಗೆಂದು ಚೂರು ಹಣ ಕಳಿಸಿದ. ಆ ವರ್ಗಾವಣೆಯನ್ನು ಬ್ಲಾಕ್‌ಚೈನ್‌ನಲ್ಲಿ ನೋಡುತ್ತಿದ್ದ ಕಳ್ಳ, ಮೊದಲ ಮತ್ತು ಕೊನೆಯ ಕೆಲವು ಅಕ್ಷರ ಹಾಗೆಯೇ ಇರುವ ತನ್ನದೊಂದು ವಿಳಾಸ ಸೃಷ್ಟಿಸಿ, ಅದು ಈತನ ಹಳೆಯ ವ್ಯವಹಾರಗಳ ಪಟ್ಟಿಯಲ್ಲಿ ಕಾಣುವಂತೆ ಮಾಡಿದ. ಈತ ಪಟ್ಟಿಯಿಂದಲೇ ವಿಳಾಸ ಎತ್ತಿ ಅಂಟಿಸಿದ. ಸುಮಾರು 7 ಕೋಟಿ ಡಾಲರ್ ಹೋಯಿತು. ಮಾತುಕತೆಯ ನಂತರ ಕಳ್ಳ ಬಹುಪಾಲು ಹಿಂದಿರುಗಿಸಿದ್ದು ಅಪರೂಪದ ಅದೃಷ್ಟ. ವಿಳಾಸವನ್ನು ಪ್ರತಿ ಸಲ ಮೂಲದಿಂದಲೇ ತೆಗೆದುಕೊಳ್ಳಬೇಕು, ನಡುವಿನ ಅಕ್ಷರಗಳನ್ನೂ ಓದಬೇಕು.

ಇನ್ನುಳಿದ ಮೋಸಗಳೆಲ್ಲ ಹೆಚ್ಚುಕಡಿಮೆ ಒಂದೇ ಬೇರಿನವು. ಟೆಲಿಗ್ರಾಂನಲ್ಲಿ ಬರುವ 'ಕಸ್ಟಮರ್ ಸಪೋರ್ಟ್' ಆಗಲಿ, ವಾಲೆಟ್ ದೃಢೀಕರಿಸಿ ಎನ್ನುವ ವೆಬ್ ಪುಟವಾಗಲಿ ಕೇಳುವುದು ಆ ಹನ್ನೆರಡು ಪದಗಳನ್ನೇ. ಲೆಡ್ಜರ್ ಕಂಪನಿಯಿಂದ 2020ರಲ್ಲಿ ಸುಮಾರು 2.7 ಲಕ್ಷ ಗ್ರಾಹಕರ ಹೆಸರು, ಮನೆ ವಿಳಾಸ, ಫೋನ್ ನಂಬರ್ ಸೋರಿಹೋದ ಮೇಲೆ ಕೆಲವರ ಮನೆಗೆ 'ಹಳೆಯದು ಸುರಕ್ಷಿತವಲ್ಲ' ಎಂಬ ಪತ್ರದ ಜೊತೆ ನಕಲಿ ಯಂತ್ರಗಳೇ ಅಂಚೆಯಲ್ಲಿ ಬಂದವು. ಲೋಭಿಗಳಿಗೆಂದೇ ಹೆಣೆದ ಬಲೆಯೂ ಒಂದಿದೆ: ಯಾರೋ ಅಮಾಯಕನಂತೆ ತನ್ನ ಸೀಡ್ ಫ್ರೇಸನ್ನು ವಿಡಿಯೊದ ಕೆಳಗೆ ಬರೆದು ಸಹಾಯ ಕೇಳುತ್ತಾನೆ. ತೆರೆದರೆ ವಾಲೆಟ್‌ನಲ್ಲಿ ಸಾವಿರಾರು ಡಾಲರ್, ಗ್ಯಾಸ್ ಮಾತ್ರ ಇಲ್ಲ. ಕದಿಯಲು ಹೊರಟವನು ತನ್ನ ಕೈಯಿಂದ ಗ್ಯಾಸ್ ಹಾಕಿದ ಕ್ಷಣದಲ್ಲಿ ಅದು ಮಾಯ. ಸಾವಿರಾರು ಡಾಲರ್ ಅಲ್ಲಿಯೇ ಇರುತ್ತದೆ, ಮುಂದಿನ ಕಳ್ಳನಿಗಾಗಿ. ಈ ಪ್ರಕರಣದಲ್ಲಿ ಯಾರ ಮೇಲೆ ಮರುಕಪಡಬೇಕೆಂದು ತಿಳಿಯುವುದಿಲ್ಲ. ಭಾರತದಲ್ಲಿ ಮೋಸ ಹೋದವರು 1930ಕ್ಕೆ ತಕ್ಷಣ ಕರೆ ಮಾಡಬೇಕು. ಹಣ ಇಲ್ಲಿನ ಎಕ್ಸ್‌ಚೇಂಜ್ ಅಥವಾ ಬ್ಯಾಂಕ್ ದಾಟಿರದಿದ್ದರೆ ತಡೆಯುವ ಅವಕಾಶ ಸ್ವಲ್ಪವಾದರೂ ಇರುತ್ತದೆ.

ತೆರಿಗೆ ಇಲಾಖೆಗೆ ನಿಮ್ಮ ವಾಲೆಟ್ ಯಾವ ಕಂಪನಿಯದೆಂಬುದು ಮುಖ್ಯವಲ್ಲ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30ರ ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಅವಕಾಶವಿಲ್ಲ. ಅದೇ ವರ್ಷದ ಜುಲೈ 1ರಿಂದ ಮಾರಾಟದ ಮೇಲೆ ಶೇ 1ರ ಟಿಡಿಎಸ್. ಎಕ್ಸ್‌ಚೇಂಜಿನಲ್ಲಿದ್ದರೆ ಲೆಕ್ಕದ ಪಟ್ಟಿ ಅವರೇ ಕೊಡುತ್ತಾರೆ. ಸ್ವಂತ ವಾಲೆಟ್‌ಗೆ ತಂದ ಮೇಲೆ ಯಾವತ್ತು, ಯಾವ ಬೆಲೆಗೆ ಕೊಂಡದ್ದು, ಯಾವ ವಿಳಾಸಕ್ಕೆ ಕಳಿಸಿದ್ದು ಎಂಬುದನ್ನೆಲ್ಲ ತಾವೇ ಬರೆದಿಡಬೇಕು. ಕೊಂಡ ಬೆಲೆಗೆ ದಾಖಲೆಯಿಲ್ಲದಿದ್ದರೆ ಮಾರುವಾಗ ಲಾಭ ಎಷ್ಟೆಂದು ತೋರಿಸುವುದು ತಲೆನೋವು.

ಮನೆಯವರಿಗೆ ಎಷ್ಟು ಹೇಳಬೇಕೆಂಬುದು ಉಳಿದ ಪ್ರಶ್ನೆ. ಊರಿಗೆಲ್ಲ ಹೇಳಿಕೊಳ್ಳುವುದಂತೂ ಅಪಾಯ. ಲೆಡ್ಜರ್‌ನ ಸಹಸಂಸ್ಥಾಪಕರೊಬ್ಬರನ್ನು 2025ರ ಜನವರಿಯಲ್ಲಿ ಫ್ರಾನ್ಸ್‌ನಲ್ಲಿ ಅಪಹರಿಸಿ, ಒತ್ತೆಹಣಕ್ಕಾಗಿ ಬೆರಳನ್ನೇ ಕತ್ತರಿಸಿದ್ದರು. ಯಾರಿಗೂ ಹೇಳದಿದ್ದರೆ ಹೇಳದವರ ಜೊತೆಯೇ ದುಡ್ಡೂ ಹೋಗುತ್ತದೆ, ಏಕೆಂದರೆ ಹನ್ನೆರಡು ಪದಗಳಿಗೆ ನಾಮಿನಿ ಫಾರಂ ಇಲ್ಲ. ನಡುವಿನ ದಾರಿಯೊಂದಿದೆ. ಎಲ್‌ಐಸಿ ಬಾಂಡ್, ಎಫ್‌ಡಿ ರಸೀದಿಗಳಿರುವ ಫೈಲಿನಲ್ಲಿ ಒಂದು ಪತ್ರ: ಇಂಥ ನಾಣ್ಯವಿದೆ, ಇಂಥ ವಾಲೆಟ್‌ನಲ್ಲಿದೆ, ಪದಗಳ ಕಾಗದ ಇಂಥ ಕಡೆ ಇದೆ ಎಂದು. ಪದಗಳನ್ನು ಮಾತ್ರ ಆ ಪತ್ರದಲ್ಲಿ ಬರೆಯಬಾರದು. ವಾಲೆಟ್‌ನ ಹೆಸರು ತಪ್ಪದೆ ಬೇಕು: ಎಲೆಕ್ಟ್ರಮ್ ಕೊಡುವ ಪದಗಳು ಅದರದೇ ಪದ್ಧತಿಯವು, ಅವನ್ನು ಸಿಕ್ಕಸಿಕ್ಕ ಆ್ಯಪಿಗೆ ಕೊಟ್ಟರೆ ತಪ್ಪೆಂದು ತಿರಸ್ಕರಿಸಬಹುದು. ಪದಗಳ ಮೇಲೆ ಹೆಚ್ಚುವರಿ ಪಾಸ್‌ಫ್ರೇಸ್ ಇಟ್ಟಿದ್ದರೆ, ಅದಿಲ್ಲದೆ ತೆರೆದಾಗ ಯಾವ ದೋಷವನ್ನೂ ತೋರಿಸದೆ ಒಂದು ಖಾಲಿ ವಾಲೆಟ್ ತೆರೆದುಕೊಳ್ಳುತ್ತದೆ. ಅಪ್ಪ ಎಲ್ಲವನ್ನೂ ಮಾರಿಬಿಟ್ಟಿದ್ದರೇನೋ ಎಂದುಕೊಂಡು ಮಕ್ಕಳು ಸುಮ್ಮನಾಗುತ್ತಾರೆ. ಆದ್ದರಿಂದ ಪಾಸ್‌ಫ್ರೇಸ್ ಇದೆ ಎಂಬುದೂ ಪತ್ರದಲ್ಲಿರಬೇಕು, ಮೇಲೆ ತಾರೀಖು ಇರಬೇಕು, ವಾಲೆಟ್ ಬದಲಾಯಿಸಿದಾಗಲೆಲ್ಲ ಹಳೆಯದನ್ನು ಹರಿದು ಹೊಸದಾಗಿ ಬರೆಯಬೇಕು.